ವಠಾರಗಳೂ ಸಾಮಾನ್ಯಭೋಗವೂ

ಬೆಂಗಳೂರಿನ ಬಸವನಗುಡಿಗೆ ಪಶ್ಚಿಮದಲ್ಲಿ, ರಾಮಾಂಜನೇಯ ಗುಡ್ಡದ ಆಸುಪಾಸಿನಲ್ಲಿ ಹಬ್ಬಿರುವ ಹನುಮಂತನಗರದಲ್ಲಿ ‘ವಠಾರ’ಗಳೆಂಬ ಗೃಹಸಮೂಹಗಳು ಹಿಂದೆ ಬಹುವಾಗಿದ್ದುವು. ಒಂದೇ ನಿವೇಶನದಲ್ಲಿ ಎದುರುಬದುರಾಗಿ ಎರಡು ಸಾಲು ಸಣ್ಣ ಮನೆಗಳು. ನಡುವೆ ಉದ್ದವಾದ ಅಂಗಳ. ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ, ಒಗೆಯುವ ಕಲ್ಲು, ಶೌಚಗೃಹ. ಇಷ್ಟು ಕಿರಿದಾದ ಮನೆಗಳಲ್ಲಿ ಮಕ್ಕಳೊಂದಿಗರು ಹೇಗೆ ಬಾಳಿದರೆಂಬುದನ್ನು ಶಾಸ್ತ್ರಗ್ರಂಥಗಳೊಡನೆ ಹೋಲಿಸಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪ್ರಮಾಣವನ್ನು ನೋಡೋಣ. ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಗೃಹದ ಅಗಲವನ್ನು ವರ್ಣಾನುಸಾರವಾಗಿ 32 ಹಸ್ತಗಳಿಂದ ನಾಲ್ಕು ನಾಲ್ಕಾಗಿ ಇಳಿಸುತ್ತ 16 ಹಸ್ತಗಳಿಗೆ ತಂದು ನಿಲ್ಲಿಸಿ, ಅದಕ್ಕೂ ಕಡಮೆಯಾದುದು ಅತಿಹೀನರಿಗೆಂದು ಹೇಳಿರುವನು. ಹಸ್ತವೊಂದಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ ಈ 16 ಹಸ್ತಗಳ ಗೃಹವು 24 ಅಡಿ ಅಗಲ. ಉದ್ದವು ಅದಕ್ಕಿಂತ ಕಾಲುಭಾಗ ಹೆಚ್ಚು, ಎಂದರೆ 30 ಅಡಿ. ಒಟ್ಟು 720 ಚದರಡಿ. ನಾನು ಬಾಲ್ಯವನ್ನು ಕಳೆದ ವಠಾರದ ಮನೆಯಾದರೋ ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಒಳಗೆ ನಾವು ಆರು ಮಂದಿ. ಆಚಾರ್ಯನ ಗಣನೆಯಂತೆ ಅಲ್ಲಿದ್ದ ಉಪಾಧ್ಯಾಯರೂ ಗುಮಾಸ್ತರೂ ಪುರೋಹಿತರೂ ಅತಿಹೀನರ ಪಂಕ್ತಿಗೆ ಸೇರತಕ್ಕವರೇ ಸರಿ!

ಈ ಇಕ್ಕಟ್ಟು ಬಂದುದು ಹೇಗೆ? 1898ರಲ್ಲಿ ಪ್ಲೇಗುಮಾರಿಯು ಬೆಂಗಳೂರನ್ನು ಹೊಕ್ಕಾಗ, ಪೇಟೆಯ ಓಣಿಗಳ ದಟ್ಟಣೆಯೇ ಅಪಾಯಕರವೆಂದು ತಿಳಿದುಬಂದಿತು. ತರುವಾಯ ಅಗಲವಾದ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಆದರೆ ನಿವೇಶನವನ್ನು ಕೊಳ್ಳಲಾರದ ಅಲ್ಪವೇತನದವರಿಗೂ ಊರಿನಲ್ಲಿ ನೆಲೆ ಬೇಕಾಗಿದ್ದಿತು. ನಿವೇಶನವುಳ್ಳವರಿಗೆ ಹಲವು ಬಾಡಿಗೆಗಳು ಬೇಕಾಗಿದ್ದುವು. ಈ ಎರಡು ಅಗತ್ಯಗಳೂ ಸೇರಿದಲ್ಲಿ ವಠಾರವು ತಲೆಯೆತ್ತಿತು.

ವರಾಹಮಿಹಿರನಲ್ಲಿ ದೊರೆಯದ ಸಮಾಧಾನವು ಕೌಟಿಲ್ಯನಲ್ಲಿ ದೊರೆಯುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ನೆರೆಮನೆಗಳ ವಿಷಯವಾದ ವಿಧಿಗಳುಂಟು. ಮನೆಗಳ ಸ್ವಂತ ಭಾಗಗಳನ್ನು ಬಿಟ್ಟು ತೆರೆದ ಸ್ಥಳಗಳೆಲ್ಲವೂ, ಅಗ್ನಿಶಾಲೆ ಮತ್ತು ಕುಟ್ಟುವ ಶಾಲೆಗಳೂ ಸಾಮಾನ್ಯಭೋಗಕ್ಕೆ ಇರತಕ್ಕುವೆಂದು ಅಲ್ಲಿ ಹೇಳಿದೆ. ಮನೆಯೊಡೆಯರು ಕೂಡಿಕೊಂಡು ತಮಗೆ ಇಷ್ಟವಾದುದನ್ನು ಮಾಡಿಸಿ ಅನಿಷ್ಟವನ್ನು ತಡೆಯಬಹುದೆಂದೂ ಇದೆ. ಇದಕ್ಕಿಂತ ಗಮನಾರ್ಹವಾದುದೇನೆಂದರೆ, ಕಸದ ಗುಂಡಿ, ಬಚ್ಚಲು, ಬಾವಿಗಳಿಗೆ ನಿರ್ಬಂಧ ವಿಧಿಸುವಾಗ ಬಾಣಂತಿಗಾಗಿ ತೋಡಿದ ಗುಂಡಿಗೆ ಮಾತ್ರ ಹತ್ತು ದಿನಗಳ ವಿನಾಯಿತಿಯನ್ನು ಕೊಟ್ಟಿದೆ. ನೆರೆಯವರ ನಡುವೆ ಶಿಶುವೊಂದು ಹುಟ್ಟುವುದನ್ನು ಶಾಸ್ತ್ರಕಾರನು ಮರೆತಿರಲಿಲ್ಲ.

ನಮ್ಮ ವಠಾರದವರು ಈ ಗ್ರಂಥವನ್ನು ಓದಿದವರಲ್ಲ. ಆದರೂ ನಡೆಸಿದುದು ಇದನ್ನೇ. ಒರಳು ಒಂದೇ, ನಲ್ಲಿ ಒಂದೇ. ನನ್ನ ತಂಗಿಯು ಹುಟ್ಟಿದಾಗ ತಾಯಿಗೆ ಒಳಕೋಣೆಯು ಬೇಕಾದುದರಿಂದ ನಾವು ಮೂವರು ಮಕ್ಕಳು ಹತ್ತು ರಾತ್ರಿ ಎದುರುಮನೆಯಲ್ಲಿ ಮಲಗಿದೆವು. ಓದು, ಆಟ, ಹಬ್ಬದ ಊಟ ಎಲ್ಲವೂ ಅಂಗಳದಲ್ಲಿ. ಮನೆಯು ಇನ್ನೂರು ಚದರಡಿಯಾದರೂ ಮಗುವಿನ ಪಾಲಿಗೆ ಇಡೀ ವಠಾರವೇ ಮನೆ.

ಹಾಗೆಂದು ದೋಷಗಳನ್ನು ಮುಚ್ಚಿಡುವುದು ವಿಹಿತವಲ್ಲ. ನಲ್ಲಿಯ ಮುಂದೆ ನಿತ್ಯವೂ ಕಲಹ. ಒಂದು ಮನೆಗೆ ಬಂದ ದಡಾರವು ಎಲ್ಲ ಮನೆಗಳನ್ನೂ ಸುತ್ತುವುದು. ಅನೇಕ ಮಾಲೀಕರು ಜಾತಿಯನ್ನು ವಿಚಾರಿಸಿಯೇ ಬೀಗದ ಕೈ ಕೊಡುತ್ತಿದ್ದರು. ವರಾಹಮಿಹಿರನು ವರ್ಣದಿಂದ ಅಗಲವನ್ನು ಅಳೆದನು. ಇವರು ಬಾಗಿಲನ್ನೇ ಅಳೆದರು. ಸಾಮಾನ್ಯಭೋಗದ ‘ಸಾಮಾನ್ಯ’ಕ್ಕೆ ಹೀಗೊಂದು ಬೇಲಿಯಿದ್ದಿತು.

ಈಗ ನಮ್ಮ ವಠಾರವಿದ್ದ ನಿವೇಶನದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವು ನಿಂತಿದೆ. ಪ್ರತಿಮನೆಗೂ ಬೇರೆ ನಲ್ಲಿ, ಬೇರೆ ಶೌಚಗೃಹ. ಇದು ನಿಜವಾದ ಲಾಭ. ಆದರೆ ಕೋಣೆಗಳು ಹೆಚ್ಚು ಬೆಳೆದಿಲ್ಲ, ಅಂಗಳವು ಹೋಗಿದೆ, ಮಕ್ಕಳು ಮೆಟ್ಟಿಲುಗಳ ಮೇಲೆ ಆಡುತ್ತಾರೆ. 2015ರಲ್ಲಿ ಕೇಂದ್ರ ಸರ್ಕಾರವು ನಗರವಸತಿಯ ಯೋಜನೆಯನ್ನು ಆರಂಭಿಸಿದಾಗ ಬಡವರ ಮನೆಗೆ 30 ಚದರ ಮೀಟರಿನ, ಎಂದರೆ ಸುಮಾರು 323 ಚದರಡಿಯ ಮಿತಿಯನ್ನು ಇಟ್ಟಿತು. ಇದು ಮೇಲ್ಕಂಡ 720 ಚದರಡಿಯ ಅರ್ಧಕ್ಕೂ ಕಡಮೆ. ನೆಲದ ಬೆಲೆಯನ್ನು ನೋಡಿದರೆ ಚಿಕ್ಕ ಮನೆಯು ಅನಿವಾರ್ಯವೆನ್ನಬಹುದು. ಆದಕಾರಣ ಅಂತಹ ಮನೆಗಳನ್ನು ಕಟ್ಟಿಸುವವರು ಗೋಡೆಗಳ ನಡುವಿನ ಚದರಡಿಗಳನ್ನು ಎಣಿಸಿದ ಮೇಲೆ, ಹೊರಗೆ ಎಲ್ಲ ಮಕ್ಕಳಿಗೂ ಸೇರಿದ ನೆಲವೆಷ್ಟೆಂಬುದನ್ನೂ ಎಣಿಸತಕ್ಕದ್ದು. ಬೇಲಿಯಿಲ್ಲದ ಅಂಗಳವೊಂದು ಉಳಿದರೆ ಕಿರಿಮನೆಯಲ್ಲಿಯೂ ಸಂಸಾರವು ನಡೆಯುವುದು.