ಲಿಟಲ್ ಟೋಕಿಯೊ: ಎಬ್ಬಿಸಿದರೂ ಮರಳಿ ಬಂದ ಬೀದಿ



ನಮ್ಮ ಯುವ ಸಂಘದಲ್ಲಿ ಅನಿಮೆ ನೋಡದವರು ಕಡಿಮೆ. ಜಪಾನೀ ಭಾಷೆಯ ನಾಲ್ಕಾರು ಮಾತು ಎಲ್ಲರ ಬಾಯಲ್ಲೂ ಇವೆ. ಆದರೆ ಜಪಾನಿನಿಂದ ಹೊರಟು ಅಮೆರಿಕದ ಒಂದು ನಗರದಲ್ಲಿ ಬೇರೂರಿದ ಜನರ ಕಥೆ ನಮ್ಮ ನಡುವೆ ಅಷ್ಟಾಗಿ ಮಾತಿಗೆ ಬಂದದ್ದಿಲ್ಲ. ಲಾಸ್ ಏಂಜಲೀಸ್ ನಗರಸಭೆಯ ಎತ್ತರದ ಬಿಳಿ ಕಟ್ಟಡದಿಂದ ನಡೆದು ಹೋಗುವಷ್ಟು ದೂರದಲ್ಲಿ ಲಿಟಲ್ ಟೋಕಿಯೊ ಎಂಬ ಕೇರಿ ಇದೆ. ಈ ಸಲ ಅದರ ಇತಿಹಾಸ ಓದೋಣ.

1882ರಲ್ಲಿ ಅಮೆರಿಕ ಸರ್ಕಾರ ಚೀನಾದ ಕೂಲಿಕಾರರು ಬರದಂತೆ ಕಾನೂನು ಮಾಡಿತು. ಕೆಲಸಕ್ಕೆ ಆಳು ಬೇಕಲ್ಲ, ಆ ಜಾಗಕ್ಕೆ ಜಪಾನೀಯರು ಬಂದರು. ರೈಲು ಹಳಿ ಹಾಕಿದರು, ತೋಟಗಳಲ್ಲಿ ದುಡಿದರು. ಅದೇ ದಶಕದಲ್ಲಿ ಹಡಗಿನ ಕೆಲಸ ಬಿಟ್ಟು ಬಂದ ಒಬ್ಬ ಜಪಾನೀ ನಾವಿಕ ಈಸ್ಟ್ ಫಸ್ಟ್ ಸ್ಟ್ರೀಟ್‌ನಲ್ಲಿ ಒಂದು ಹೋಟೆಲು ತೆರೆದ. ಕೇರಿ ಅಲ್ಲಿಂದ ಬೆಳೆಯಿತು. 1903ರಲ್ಲಿ ಶುರುವಾದ ಫುಗೆತ್ಸು-ಡೋ ಎಂಬ ಸಿಹಿತಿಂಡಿ ಅಂಗಡಿ ಇವತ್ತಿಗೂ ಅದೇ ಕುಟುಂಬದ ಕೈಯಲ್ಲಿದೆ. ಅಕ್ಕಿಹಿಟ್ಟಿನ ಮೋಚಿ ಅಲ್ಲಿನ ವಿಶೇಷ. 1906ರ ಭೂಕಂಪದಿಂದ ಸ್ಯಾನ್ ಫ್ರಾನ್ಸಿಸ್ಕೊ ಹಾಳಾದಾಗ ಅಲ್ಲಿನ ಎಷ್ಟೋ ಜಪಾನೀಯರು ದಕ್ಷಿಣಕ್ಕೆ ಇಲ್ಲಿಗೇ ಬಂದರು.

ಅವರಲ್ಲಿ ಕೆಲವರು ಕಥೋಲಿಕರು. ಲಿಯೋ ಹಟಕೆಯಾಮ ಎಂಬವರ ಸಂಗತಿ ನಮ್ಮ ಮನಸ್ಸಿಗೆ ಬಹಳ ಹತ್ತಿರವಾಯಿತು. ಜಪಾನೀ ಭಾಷೆಯಲ್ಲಿ ಪಾಪನಿವೇದನೆ ಕೇಳುವ ಗುರುಗಳು ಲಾಸ್ ಏಂಜಲೀಸಿನಲ್ಲಿ ಇರಲಿಲ್ಲ. ಹಾಗಾಗಿ ಅವರು ತಮ್ಮ ಪಾಪಗಳನ್ನು ಕಾಗದದಲ್ಲಿ ಬರೆದು, ರಿಜಿಸ್ಟರ್ ಅಂಚೆಯಲ್ಲಿ, ಸಾಗರದಾಚೆ ಜಪಾನಿನ ಹಕೊಡಾತೆಯ ಧರ್ಮಾಧ್ಯಕ್ಷರಿಗೆ ಕಳುಹಿಸುತ್ತಿದ್ದರು ಎಂದು ಅಲ್ಲಿನ ದೇವಾಲಯದ ಇತಿಹಾಸ ಹೇಳುತ್ತದೆ. ಅಂಚೆಯ ಪಾಪನಿವೇದನೆ ಧರ್ಮಸಭೆಯ ನಿಯಮದಲ್ಲಿ ನಡೆಯುವುದಿಲ್ಲ. ಆದರೆ ಆ ತಾಳ್ಮೆ ನೋಡಿ! ಬೇರೆ ರಾಜ್ಯದ ಗಡಿಯೊಳಗಿದ್ದು ಕನ್ನಡದಲ್ಲಿ ಬಲಿಪೂಜೆ ಬೇಕೆಂದು ಕೇಳುವ ನಮ್ಮ ಅಜ್ಜಿಯಂದಿರಿಗೆ ಲಿಯೋ ಅವರ ಕಷ್ಟವನ್ನು ಯಾರೂ ವಿವರಿಸಬೇಕಾಗಿಲ್ಲ. ಕೊನೆಗೆ 1912ರಲ್ಲಿ, ಜಪಾನಿನಲ್ಲಿ ಸೇವೆ ಮಾಡಿದ್ದ ಫ್ರೆಂಚ್ ಗುರು ಆಲ್ಬರ್ಟ್ ಬ್ರೆಟನ್ ಬಂದರು. ಅದರ ಹಿಂದೆಯೇ ಮೇರಿನೋಲ್ ಸಭೆಯ ಗುರುಗಳು, ಭಗಿನಿಯರು ಬಂದರು, ಶಾಲೆಯೂ ಆಯಿತು.

ಕಾನೂನು ಮಾತ್ರ ಈ ಜನರ ಕಡೆಗಿರಲಿಲ್ಲ. ಜಪಾನಿನಿಂದ ಬಂದ ಮೊದಲ ತಲೆಮಾರಿನವರು, ಅಂದರೆ ಇಸ್ಸೇ, 1952ರವರೆಗೂ ಅಮೆರಿಕದ ಪೌರರಾಗುವಂತಿರಲಿಲ್ಲ. ಪೌರರಾಗಲಾರದವರು ಕೃಷಿಭೂಮಿ ಕೊಳ್ಳಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲೇ ಕಾನೂನು ತಂದಿತ್ತು. 1924ರಲ್ಲಿ ಜಪಾನಿನಿಂದ ವಲಸೆಯೇ ನಿಂತಿತು. ಬೀದಿಯಲ್ಲಿನ ಅಂಗಡಿಗಳೂ ಹೆಚ್ಚಾಗಿ ಬಾಡಿಗೆಯವೇ. ಈ ಬಾಡಿಗೆಯ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಅಲ್ಲೇ ಹುಟ್ಟಿದ ಮಕ್ಕಳು ನಿಸೇ, ಎರಡನೆಯ ತಲೆಮಾರು. ಹುಟ್ಟಿನಿಂದಲೇ ಪೌರರು, ಇಂಗ್ಲಿಷ್ ಮಾತಾಡುವವರು, ಪೇಟೆಯ ದೊಡ್ಡ ಅಂಗಡಿಗಳಿಗೆ ಹೋಗುವವರು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಪ್ಪಂದಿರ ವ್ಯಾಪಾರ ಬಿದ್ದುಹೋಯಿತು. ಮಕ್ಕಳನ್ನು ಕೇರಿಗೆ ಮತ್ತೆ ಎಳೆಯಲು 1934ರಲ್ಲಿ ನಿಸೇ ವೀಕ್ ಎಂಬ ಹಬ್ಬ ಆರಂಭವಾಯಿತು. ಮೆರವಣಿಗೆ, ಬೀದಿಯಲ್ಲಿ ಸಾಲು ಕಟ್ಟಿ ಕುಣಿಯುವ ಓಂಡೊ ನೃತ್ಯ, ಎಲ್ಲವೂ ಇತ್ತು. ವ್ಯಾಪಾರಕ್ಕೆಂದು ಹುಟ್ಟಿದ ಹಬ್ಬ ಅದು. ನಮಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ನಮ್ಮ ಊರ ಹಬ್ಬದ ಸಂತೆಯೂ ಹಾಗೇ ಅಲ್ಲವೇ?

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಮಾಡಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದವರನ್ನೆಲ್ಲ, ಸುಮಾರು 1,20,000 ಮಂದಿಯನ್ನು, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ. ವಿಚಾರಣೆಯಿಲ್ಲ, ಆರೋಪಪಟ್ಟಿಯಿಲ್ಲ. ಕೈಯಲ್ಲಿ ಹಿಡಿದುಕೊಳ್ಳುವಷ್ಟು ಸಾಮಾನು ಮಾತ್ರ ಒಯ್ಯಬಹುದಿತ್ತು. ಲಿಟಲ್ ಟೋಕಿಯೊದವರು ಫಸ್ಟ್ ಸ್ಟ್ರೀಟ್‌ನ ಬೌದ್ಧ ಮಂದಿರದ ಮುಂದೆ ನಿಂತು ಬಸ್ಸು ಹತ್ತಿದರು. ಬಹಳಷ್ಟು ಮಂದಿ ಹೋದದ್ದು ಉತ್ತರಕ್ಕೆ ಸುಮಾರು 350 ಕಿಲೋಮೀಟರ್ ದೂರದ ಮಂಜನಾರ್‌ಗೆ. ಬೆಟ್ಟಗಳ ನಡುವಿನ ಮರುಭೂಮಿ, ಧೂಳು ಗಾಳಿ, ಎಂಟು ಕಾವಲು ಗೋಪುರ. 20 ಅಡಿಗೆ 25 ಅಡಿಯ ಒಂದು ಕೋಣೆಯಲ್ಲಿ ಎಂಟು ಜನ. ಹತ್ತು ಸಾವಿರ ಮಂದಿಯನ್ನು ಹಾಗೆ ತುಂಬಿದ್ದರು.

ಇಲ್ಲಿ ಇಬ್ಬರ ವಿಷಯ ಹೇಳಲೇಬೇಕು. ಮೊದಲನೆಯವನು ರಾಲ್ಫ್ ಲಾಜೊ. ಮೆಕ್ಸಿಕೊ ಮತ್ತು ಐರ್ಲೆಂಡ್ ಮೂಲದ ಹುಡುಗ, ಜಪಾನೀ ರಕ್ತ ಒಂದು ಹನಿಯೂ ಇಲ್ಲ, ವಯಸ್ಸು 17. ಶಾಲೆಯ ಗೆಳೆಯರೆಲ್ಲ ಹೋಗುತ್ತಿದ್ದಾರೆ, ತಾನೊಬ್ಬ ಯಾಕೆ ಉಳಿಯಬೇಕು ಎಂದು ಅವನೂ ಅವರೊಂದಿಗೆ ಹೊರಟ. ಅಪ್ಪನಿಗೆ ಕ್ಯಾಂಪಿಗೆ ಹೋಗುತ್ತೇನೆ ಎಂದಷ್ಟೇ ಹೇಳಿದ. ಅದು ಸುಳ್ಳೂ ಅಲ್ಲ! ಮಂಜನಾರ್‌ನಲ್ಲೇ ಹೈಸ್ಕೂಲು ಮುಗಿಸಿದ, ತರಗತಿಯ ಅಧ್ಯಕ್ಷನಾಗಿ ಆರಿಸಿಬಂದ. 1944ರಲ್ಲಿ ಸೈನ್ಯಕ್ಕೆ ಕರೆ ಬಂದು ಹೋಗುವವರೆಗೂ ಅಲ್ಲೇ ಇದ್ದ. ನಮ್ಮಲ್ಲಿ ಪಿಯುಸಿ ಓದುವ ವಯಸ್ಸು ಅದು, ಯೋಚಿಸಿ.

ಎರಡನೆಯವರು ರಿಯೊಜೊ ಕಾಡೊ ಎಂಬ ಕಲ್ಲು ಕೆಲಸದ ಮೇಸ್ತ್ರಿ. ಕಥೋಲಿಕರು. ಲಾಸ್ ಏಂಜಲೀಸ್ ಸುತ್ತಮುತ್ತ ಮಾತೆ ಮರಿಯಳ ಗವಿಗಳನ್ನು ಕಟ್ಟಿದ ಕೈ ಅವರದು. ಸಿಮೆಂಟನ್ನು ಮರದಂತೆಯೇ ಕಾಣುವ ಹಾಗೆ ಕೆತ್ತುವುದರಲ್ಲಿ ನಿಪುಣರು. ಶಿಬಿರದ ಬಾಗಿಲಲ್ಲಿ ಕಾವಲುಗಾರರು ನಿಲ್ಲುವ ಕಲ್ಲಿನ ಕೋಣೆಗಳನ್ನೂ ಅವರೇ ಕಟ್ಟಿದರು. ತಮ್ಮನ್ನು ಕಾಯುವವನಿಗೆ ತಾವೇ ನೆರಳು ಕಟ್ಟಿಕೊಡುವುದು ಎಂಥ ಕೆಲಸ! ಶಿಬಿರದಲ್ಲಿ ಸುಮಾರು 150 ಮಂದಿ ಸತ್ತರು. ಅವರ ನೆನಪಿಗೆ ಸ್ಮಶಾನದಲ್ಲಿ ಒಂದು ಸ್ತಂಭ ಬೇಕೆಂದಾಗ ಸಿಮೆಂಟಿಗೆ ಕುಟುಂಬಕ್ಕೆ 15 ಸೆಂಟಿನಂತೆ ಚಂದಾ ಎತ್ತಿದರು. ಬೌದ್ಧ ಯುವಕ ಸಂಘದವರು ಕೈ ಜೋಡಿಸಿದರು, ಬೌದ್ಧ ಗುರುವೊಬ್ಬರು ಅಕ್ಷರ ಬರೆದರು, ಕಥೋಲಿಕ ಮೇಸ್ತ್ರಿ ಕಟ್ಟಿದರು. 1943ರ ಆಗಸ್ಟ್‌ನಲ್ಲಿ ನಿಂತ ಆ ಬಿಳಿ ಸ್ತಂಭದ ಮೇಲೆ ಮೂರೇ ಅಕ್ಷರ: ಇ, ರೇ, ಟೊ. ಆತ್ಮಗಳನ್ನು ಸಂತೈಸುವ ಗೋಪುರ ಎಂದು ಅರ್ಥ. ಮೇರಿನೋಲ್ ಸಭೆಯ ಇಬ್ಬರು ಜಪಾನೀ ಭಗಿನಿಯರೂ ತಮ್ಮ ಜನರ ಜೊತೆ ಮಂಜನಾರ್‌ನಲ್ಲೇ ಇದ್ದರು. ಅಂತರಧರ್ಮ ಸಂವಾದದ ಕುರಿತು ಎಷ್ಟೋ ಶಿಬಿರಗಳಲ್ಲಿ ಭಾಷಣ ಕೇಳಿದ್ದೇವೆ. ಆ 15 ಸೆಂಟಿನ ಸ್ತಂಭ ನಮಗೆ ಅದಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಇತ್ತ ಕೇರಿ ಖಾಲಿ ಉಳಿಯಲಿಲ್ಲ. ಯುದ್ಧದ ಕಾರ್ಖಾನೆಗಳಲ್ಲಿ ಕೆಲಸ ಹುಡುಕಿ ದಕ್ಷಿಣದಿಂದ ಬಂದ ಕಪ್ಪು ಜನರಿಗೆ ನಗರದ ಬೇರೆ ಕಡೆ ಮನೆ ಕೊಡುತ್ತಿರಲಿಲ್ಲ. ಅವರು ಲಿಟಲ್ ಟೋಕಿಯೊದಲ್ಲಿ ನೆಲೆ ನಿಂತರು. ಕೇರಿಯ ಹೆಸರೇ ಬ್ರಾಂಜ್‌ವಿಲ್ ಎಂದಾಯಿತು, ಅಂಗಡಿಯೊಳಗೂ ಸಂಸಾರ. 1946ರಲ್ಲಿ ಚಾರ್ಲಿ ಪಾರ್ಕರ್‌ನಂಥ ಜಾಝ್ ಕಲಾವಿದ ಅಲ್ಲಿ ನುಡಿಸಿದ. ಯುದ್ಧ ಮುಗಿದು ಜಪಾನೀಯರು ಮರಳಿದಾಗ ಈ ಬಡವರು ಜಾಗ ಬಿಡಬೇಕಾಯಿತು. ಒಬ್ಬರಿಗೆ ನ್ಯಾಯ ಸಿಕ್ಕುವಾಗ ಇನ್ನೊಬ್ಬರು ಬೀದಿಗೆ ಬಿದ್ದದ್ದು ಈ ಕಥೆಯಲ್ಲಿ ನಮಗೆ ಸುಲಭವಾಗಿ ಜೀರ್ಣವಾಗದ ಭಾಗ.

1949ರಲ್ಲಿ ನಿಸೇ ವೀಕ್ ಮತ್ತೆ ಶುರುವಾಯಿತು. ಅಷ್ಟರಲ್ಲೇ ಪೊಲೀಸ್ ಕೇಂದ್ರ ಕಚೇರಿಗೆಂದು ನಗರಸಭೆ ಕೇರಿಯ ಒಂದು ಭಾಗವನ್ನೇ ತೆಗೆದುಕೊಂಡಿತು. 1970ರ ದಶಕದಲ್ಲಿ ಪುನರಾಭಿವೃದ್ಧಿ ಬಂತು, ದೊಡ್ಡ ಹೋಟೆಲು ಎದ್ದಿತು, ಹಳೆಯ ಬಾಡಿಗೆದಾರರು ಹೋದರು. ಮೂರನೆಯ ತಲೆಮಾರಿನ ಹುಡುಗರು ಆಗ ಪ್ರಶ್ನೆ ಕೇಳತೊಡಗಿದರು. ಅಪ್ಪ ಅಮ್ಮ ಶಿಬಿರದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. 1969ರ ಚಳಿಗಾಲದಲ್ಲಿ ಯುವಜನರು ಲಾಸ್ ಏಂಜಲೀಸಿನಿಂದ ಮಂಜನಾರ್‌ಗೆ ಯಾತ್ರೆ ಹೋದರು. ಆ ಯಾತ್ರೆ ಇಂದಿಗೂ ನಡೆಯುತ್ತದೆ. 1981ರಲ್ಲಿ ಸರ್ಕಾರದ ಆಯೋಗದ ಮುಂದೆ ದೇಶದ ಬೇರೆ ಬೇರೆ ನಗರಗಳಲ್ಲಿ 750ಕ್ಕೂ ಹೆಚ್ಚು ಮಂದಿ ಸಾಕ್ಷಿ ಹೇಳಿದರು. ನಲವತ್ತು ವರ್ಷ ನುಂಗಿಕೊಂಡಿದ್ದ ಮಾತು ಮಕ್ಕಳ ಎದುರೇ ಹೊರಗೆ ಬಂತು. 1988ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ಕ್ಷಮೆ ಕೇಳಿತು, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಅಷ್ಟರಲ್ಲಿ ಇಸ್ಸೇಗಳಲ್ಲಿ ಬಹುತೇಕರು ತೀರಿಹೋಗಿದ್ದರು.

ಬಸ್ಸು ಹತ್ತಿದ ಜಾಗದ ಆ ಬೌದ್ಧ ಮಂದಿರ ಈಗ ಜಪಾನೀ ಅಮೆರಿಕನ್ನರ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಶಿಬಿರಗಳಲ್ಲಿದ್ದ 1,25,284 ಜನರ ಹೆಸರಿರುವ ಇರೆಯಿಚೊ ಎಂಬ ದೊಡ್ಡ ಗ್ರಂಥವನ್ನು 2022ರಿಂದ ಅಲ್ಲಿ ಇಟ್ಟಿದ್ದರು. ಬಂದವರು ತಮ್ಮ ಅಜ್ಜ ಅಜ್ಜಿಯ ಹೆಸರು ಹುಡುಕಿ ಅದರ ಕೆಳಗೆ ಒಂದು ಸಣ್ಣ ಮುದ್ರೆ ಒತ್ತುತ್ತಿದ್ದರು. ಹತ್ತಿರದಲ್ಲೇ ಬುಡೊಕಾನ್ ಎಂಬ ಕ್ರೀಡಾಂಗಣವಿದೆ. ಬೇರೆ ಬೇರೆ ಊರುಗಳಿಗೆ ಚದುರಿದ ಕುಟುಂಬಗಳ ಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡಲಾದರೂ ಕೇರಿಗೆ ಬರಲಿ ಎಂದು ದಶಕಗಳ ಕಾಲ ಹಣ ಕೂಡಿಸಿ ಕಟ್ಟಿದ್ದು.

ಬಾಡಿಗೆಯ ಮಾತು ಇನ್ನೂ ಮುಗಿದಿಲ್ಲ. 2024ರಲ್ಲಿ ಅಮೆರಿಕದ ಅಪಾಯದಲ್ಲಿರುವ 11 ಐತಿಹಾಸಿಕ ಸ್ಥಳಗಳ ಪಟ್ಟಿಗೆ ಲಿಟಲ್ ಟೋಕಿಯೊ ಸೇರಿತು. ಏರುವ ಬಾಡಿಗೆಗೆ ಹಳೆಯ ಅಂಗಡಿಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿವೆ. ಪ್ರತಿ ಆಗಸ್ಟ್‌ನಲ್ಲಿ ನಿಸೇ ವೀಕ್ ಈಗಲೂ ನಡೆಯುತ್ತದೆ. ಲಿಯೋ ಅವರ ಪತ್ರಗಳಿಂದ ಆರಂಭವಾದ ಧರ್ಮಕೇಂದ್ರ ಇಂದು ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರಿನಲ್ಲಿದೆ. ಅಲ್ಲಿ ಜಪಾನೀ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬಲಿಪೂಜೆ ನಡೆಯುತ್ತದೆ.