ದಾನದಿಂದ ಪಾಲುಗಾರಿಕೆಯೆಡೆಗೆ: ತಾಂಡಾಗಳ ಇತಿಹಾಸದ ಪಾಠ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರನ್ನು ನೀಡುವ ಕ್ರಮ ಶ್ರಾವಕ ಕುಟುಂಬಗಳಿಗೆ ಚಿರಪರಿಚಿತ. ಅಭಯದಾನವೆಂದರೆ ಪ್ರಾಣಿಗಳನ್ನು ವಧೆಯಿಂದ ಬಿಡಿಸುವುದು ಎಂಬ ಅರ್ಥವೇ ರೂಢಿಯಲ್ಲಿದೆ. ಆದರೆ ನಾಳಿನ ಅನ್ನದ ಭಯದಿಂದ ಒಂದು ಕುಟುಂಬವನ್ನು ಬಿಡಿಸುವುದೂ ಅಭಯವೇ. ಆ ಭಯ ಹೇಗೆ ಹುಟ್ಟುತ್ತದೆ, ಅದನ್ನು ಕಳೆಯುವ ದಾರಿ ಯಾವುದು ಎಂಬುದನ್ನು ಅರಿಯಲು ಲಂಬಾಣಿ ತಾಂಡಾಗಳ ಇತಿಹಾಸವನ್ನು ಅವಲೋಕಿಸಬಹುದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ತಾಂಡಾಗಳಿವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಸಂತ ಸೇವಾಲಾಲರ ಜನ್ಮಸ್ಥಳವೆಂದು ಭಕ್ತರು ಪೂಜಿಸುತ್ತಾರೆ. ಪ್ರತಿವರ್ಷ ಫೆಬ್ರವರಿಯಲ್ಲಿ ಅಲ್ಲಿ ಜಯಂತ್ಯುತ್ಸವ ಜರುಗುತ್ತದೆ. ಲಂಬಾಣಿಗರು ಮೂಲತಃ ಉತ್ತರದಿಂದ ಬಂದ ವಲಸಿಗರು. ಸಾವಿರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖನಿನ ಊರುಗಳಿಗೂ ಸೈನ್ಯಗಳಿಗೂ ಪೂರೈಸುತ್ತಿದ್ದ ಸ್ವತಂತ್ರ ವ್ಯಾಪಾರಿಗಳು. ಮೂರನೆಯ ಮೈಸೂರು ಯುದ್ಧದಲ್ಲಿ (1790–92) ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರಲ್ಲಿ ಇವರೂ ಇದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಮಾರ್ಗಗಳು ಹಬ್ಬಿದಂತೆ ಎತ್ತಿನ ಸಾಗಣೆ ನಿಂತಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಅಲೆಮಾರಿ ಸಮುದಾಯಗಳನ್ನೇ ಸಂಶಯದಿಂದ ಕಾಣುವ ಪದ್ಧತಿಗೆ ಕಾನೂನಿನ ಬಲ ನೀಡಿತು. ಆ ಕಾಯಿದೆ 1952ರಲ್ಲಿ ರದ್ದಾಯಿತಾದರೂ ಕಳೆದುಹೋದ ಕಸುಬು ಮರಳಲಿಲ್ಲ. ವ್ಯಾಪಾರಿಯಾಗಿದ್ದವನು ಕೂಲಿಯಾದನು. ಮಳೆ ಕಡಿಮೆಯಿರುವ ಜಗಳೂರಿನಂಥ ಸೀಮೆಯಲ್ಲಿ ಬೆಳೆ ಕೈಕೊಟ್ಟಾಗ ಕಾಫಿ ತೋಟಕ್ಕೋ ಕಬ್ಬಿನ ಗದ್ದೆಗೋ ಗುಳೆ ಹೋಗುವುದು ಅನಿವಾರ್ಯವಾಯಿತು. ಅನೇಕ ತಾಂಡಾಗಳಿಗೆ ಕಂದಾಯ ಗ್ರಾಮದ ಸ್ಥಾನವೂ ಇರಲಿಲ್ಲ. ಅವುಗಳಿಗೆ ಆ ಸ್ಥಾನ ನೀಡಿ ಮನೆಗಳಿಗೆ ಹಕ್ಕುಪತ್ರ ಕೊಡಲು ಕರ್ನಾಟಕದಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದದ್ದು 2017ರಲ್ಲಿ.

ಇಂಥವರಿಗೆ ಬರಗಾಲದಲ್ಲಿ ಧಾನ್ಯ ಹಂಚುವುದು ಪುಣ್ಯಕಾರ್ಯವೇ ಸರಿ. ಆದರೆ ಅದು ಆ ದಿನದ ಹಸಿವನ್ನು ನೀಗಿಸುತ್ತದೆಯೇ ಹೊರತು, ಒಡೆತನ ಕಳೆದುಕೊಂಡವರಿಗೆ ಒಡೆತನವನ್ನು ಹಿಂದಿರುಗಿಸುವುದಿಲ್ಲ. ಆ ಕಾರ್ಯಕ್ಕೆ ಇತಿಹಾಸ ತೋರಿಸಿದ ಒಂದು ದಾರಿ ಸಹಕಾರ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಪಟ್ಟಣದಲ್ಲಿ 28 ಮಂದಿ, ಬಹುಪಾಲು ನೇಕಾರರು ಮತ್ತು ಕುಶಲಕರ್ಮಿಗಳು, ತಮ್ಮದೇ ಅಂಗಡಿಯೊಂದನ್ನು ತೆರೆದರು. ಭಾರತದಲ್ಲಿ 1904ರ ಕಾಯಿದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿತವಾಯಿತು. ದೇಶದ ಮೊದಲನೆಯದೆಂದು ಅದು ಖ್ಯಾತವಾಗಿದೆ. 1912ರ ಕಾಯಿದೆಯಿಂದ ಪತ್ತಿನ ಹೊರತಾದ ಉದ್ದೇಶಗಳಿಗೂ ಸಂಘ ಕಟ್ಟುವ ಅವಕಾಶ ದೊರೆಯಿತು. ಈ ಸಂಸ್ಥೆಗಳ ತಿರುಳು ಒಂದೇ: ಷೇರು ಹೆಚ್ಚಿರಲಿ, ಕಡಿಮೆಯಿರಲಿ, ಸದಸ್ಯನಿಗೆ ಒಂದೇ ಮತ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಗೆ ಇದು ಹೊಸ ಮಾತೇನೂ ಅಲ್ಲ. ಹಾಲು ಉತ್ಪಾದಕರ ಸಂಘಗಳ ಮೂಲಕ ಅವು ಈ ಪದ್ಧತಿಯನ್ನು ಕಂಡಿವೆ.

ಪರಿಸರಕ್ಕೆ ಹಾನಿಯಾಗದ ಉದ್ಯಮವನ್ನು ಹೀಗೆ ನಡೆಸಬಹುದೆಂಬುದಕ್ಕೆ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ ನಿದರ್ಶನವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1996ರಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಆರಂಭವಾಯಿತು. ಗ್ರಾಮೀಣ ಮಹಿಳೆಯರು ಅಲ್ಲಿ ಹತ್ತಿಯ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯ್ದರು, ಸಸ್ಯಮೂಲದ ಬಣ್ಣಗಳನ್ನು ಹಾಕಿದರು. ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಚೊಗರು ಅಂಥ ಬಣ್ಣಗಳಲ್ಲಿ ಒಂದು. ರೇಷ್ಮೆಹುಳುವಿನ ಹಿಂಸೆಯಾಗಲಿ, ಹೊಳೆಗೆ ರಾಸಾಯನಿಕ ಹರಿಸುವ ದೋಷವಾಗಲಿ ಇಂಥ ಬಟ್ಟೆಗಿಲ್ಲ. ಆದರೂ 2020ರ ಕೊರೋನಾ ಕಾಲದಲ್ಲಿ ಚರಕ ತೀವ್ರ ಹಣಕಾಸಿನ ಸಂಕಷ್ಟಕ್ಕೆ ಸಿಲುಕಿತು. ಶುದ್ಧ ಸರಕು ಇದ್ದಮಾತ್ರಕ್ಕೆ ಸಂಘ ಬದುಕುವುದಿಲ್ಲ. ಕೊಳ್ಳುವವರೂ ಇರಬೇಕು ಎಂಬುದು ಆ ಅನುಭವದ ಪಾಠ.

ಚೊಗರು ಅಡಿಕೆ ಸೀಮೆಯಾದ ಚನ್ನಗಿರಿಯಲ್ಲಿ ಹೇರಳ. ಕಸೂತಿಯೋ ಲಂಬಾಣಿ ಮಹಿಳೆಯರ ಪಾರಂಪರಿಕ ವಿದ್ಯೆ. ಜಗಳೂರಿಗೆ ಉತ್ತರದ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರವು ಆ ವಿದ್ಯೆಗೆ ಮಾರುಕಟ್ಟೆ ಕಲ್ಪಿಸಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕೌಶಲವೂ ಕಚ್ಚಾ ಸಾಮಗ್ರಿಯೂ ಹೀಗೆ ಹತ್ತಿರದಲ್ಲೇ ಇರುವಾಗ, ತಾಂಡಾದ ಮಹಿಳೆಯರೇ ಒಡತಿಯರಾಗುವ ಸಂಘಗಳನ್ನು ಬೆಂಬಲಿಸುವುದು ಅಸಾಧ್ಯವೇನಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳು ಈ ಕಾರ್ಯದಲ್ಲಿ ಮೂರು ವಿಧದಲ್ಲಿ ನೆರವಾಗಬಹುದು. ಉತ್ಸವಗಳಿಗೆ ಬೇಕಾದ ಚೀಲ, ಶಾಸ್ತ್ರಗ್ರಂಥಗಳನ್ನು ಸುತ್ತಿಡುವ ವಸ್ತ್ರ, ಆಸನದ ಬಟ್ಟೆ ಮುಂತಾದವನ್ನು ಇಂಥ ಸಂಘಗಳಿಂದಲೇ ಕೊಳ್ಳುವುದು ಮೊದಲನೆಯದು. ನೂಲಿಗೂ ಬಣ್ಣಕ್ಕೂ ಮುಂಗಡ ಕೊಟ್ಟು, ಸರಕು ತಲುಪಿದ ದಿನವೇ ಉಳಿದ ಹಣ ಸಲ್ಲಿಸುವುದು ಎರಡನೆಯದು. ಕೈಯಲ್ಲಿ ಹಣವಿಲ್ಲದ ಸಂಘಕ್ಕೆ ತಡವಾದ ಪಾವತಿಯೇ ದೊಡ್ಡ ಹೊರೆ. ಲೆಕ್ಕಪತ್ರ ಬರೆಯುವುದನ್ನು ಕಲಿಸುವುದು ಮೂರನೆಯದು. ವ್ಯಾಪಾರದಲ್ಲಿ ನುರಿತ ಕುಟುಂಬಗಳಿಗೆ ಇದು ಸುಲಭದ ಸೇವೆ.

ಒಂದು ಎಚ್ಚರ ಮಾತ್ರ ಅಗತ್ಯ. ಹಣ ಕೊಟ್ಟವರು ಆಡಳಿತ ಮಂಡಳಿಯಲ್ಲಿ ಕುಳಿತರೆ ಸಂಘ ಮತ್ತೆ ದಾನಶಾಲೆಯಾಗುತ್ತದೆ, ಸದಸ್ಯೆಯರು ಮತ್ತೆ ಕೂಲಿಗಳಾಗುತ್ತಾರೆ. ಅಪರಿಗ್ರಹವು ಧನಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಅಧಿಕಾರದ ಮೇಲಿನ ಮಮಕಾರವೂ ಪರಿಗ್ರಹವೇ. ನೆರವು ನೀಡಿ, ಮತವನ್ನು ಅವರ ಕೈಯಲ್ಲಿಯೇ ಬಿಟ್ಟು ಬರುವುದರಲ್ಲಿ ಅಭಯದಾನದ ಸಾರ್ಥಕತೆ ಅಡಗಿದೆ.