ರೆಡ್‌ಫರ್ನ್ ಮತ್ತು 3801: ಉಗಿಬಂಡಿ ಪ್ರವಾಸಗಳ ಬೆನ್ನಿಗಿರುವ ಒಂದು ಬಡಾವಣೆಯ ಚರಿತ್ರೆ

2021ರ ಮಾರ್ಚ್‌ನಲ್ಲಿ ಸಿಡ್ನಿಯ ಸೆಂಟ್ರಲ್ ನಿಲ್ದಾಣದಲ್ಲಿ ಬಹುಕಾಲದ ನಂತರ ಹೊಗೆಯ ವಾಸನೆ ಹಬ್ಬಿತು. 3801 ಎಂಬ ಸಂಖ್ಯೆಯ ಹಸಿರು ಉಗಿ ಇಂಜಿನ್ ಮತ್ತೆ ಪ್ರವಾಸಿಗರನ್ನು ಎಳೆದುಕೊಂಡು ಹೊರಟಿತ್ತು. 2007ರಲ್ಲಿ ದುರಸ್ತಿಗೆಂದು ಶೆಡ್ ಸೇರಿದ ಇಂಜಿನ್ ಅದು. ಅದಕ್ಕಾಗಿ ಜರ್ಮನಿಯ ಮೈನಿಂಗೆನ್‌ನಲ್ಲಿ ಹೊಸ ಬಾಯ್ಲರ್ ಮಾಡಿಸಿದರು. ಅದು ಬಂದ ಮೇಲೆ ದೋಷಗಳು ಕಂಡು ವಾಪಸ್ ಕಳಿಸಿದರು. ಕೊನೆಗೆ ಹಳೆಯ ಬಾಯ್ಲರನ್ನೇ ರಿಪೇರಿ ಮಾಡಿ ಕೂರಿಸಿದರು. ಇಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು.

ಸೆಂಟ್ರಲ್‌ನಿಂದ ಉಪನಗರಗಳ ಕಡೆಗೆ ಹೊರಡುವ ರೈಲು ಮೊದಲು ದಾಟುವುದು ರೆಡ್‌ಫರ್ನ್ ನಿಲ್ದಾಣವನ್ನು. ಅದರಾಚೆ ಹಳಿಗಳ ಎರಡೂ ಬದಿಗೆ ಇಟ್ಟಿಗೆಯ ಉದ್ದುದ್ದ ಶೆಡ್‌ಗಳು ನಿಂತಿವೆ. ಅವು ಈವ್ಲಿ ರೈಲ್ವೆ ಕಾರ್ಖಾನೆಯ ಕಟ್ಟಡಗಳು. 3801ರ ಬಗ್ಗೆ ಬಂದಿರುವ ಬರಹಗಳಲ್ಲಿ ಇಂಜಿನ್‌ನ ತೂಕ, ಗಾಲಿಗಳ ಅಳತೆ, ಓಡಿದ ವೇಗ ಎಲ್ಲ ಸಿಗುತ್ತವೆ. ರೆಡ್‌ಫರ್ನ್ ಬಗೆಗಿನ ಬರಹಗಳಲ್ಲಿ ಮುಷ್ಕರಗಳು, ಕೊಳೆಗೇರಿ ತೆರವು, ಮೂಲನಿವಾಸಿಗಳ ಹೋರಾಟ ಸಿಗುತ್ತವೆ. ಎರಡನ್ನೂ ಒಂದೇ ಕಥೆಯಾಗಿ ಓದುವವರು ಕಡಿಮೆ. ಹಾಗೆ ಓದದಿದ್ದರೆ ಎರಡೂ ಅರ್ಧವೇ ಅರ್ಥವಾಗುತ್ತವೆ ಎಂಬುದು ಈ ಲೇಖನದ ವಾದ.

ಈ ನೆಲ ಗ್ಯಾಡಿಗಲ್ ಜನರದ್ದು. ಬಡಾವಣೆಗೆ ಹೆಸರು ಬಂದದ್ದು ಮಾತ್ರ ವಿಲಿಯಂ ರೆಡ್‌ಫರ್ನ್ ಎಂಬ ವೈದ್ಯನಿಂದ. 1797ರಲ್ಲಿ ಬ್ರಿಟಿಷ್ ನೌಕಾಪಡೆಯ ನಾವಿಕರು ನೋರ್ ಎಂಬಲ್ಲಿ ದಂಗೆ ಎದ್ದಾಗ ಆತ ಅವರ ಪರವಾಗಿದ್ದ. ಮರಣದಂಡನೆ ವಿಧಿಸಿದ್ದರು, ಅದು ತಪ್ಪಿ ಗಡೀಪಾರಾಗಿ 1801ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದ. ಎರಡು ವರ್ಷಕ್ಕೆ ಕ್ಷಮಾದಾನ ಸಿಕ್ಕಿತು. ಕೈದಿಗಳನ್ನು ತುಂಬಿ ತರುವ ಹಡಗುಗಳ ಕೊಳಕಿನ ಬಗ್ಗೆ 1814ರಲ್ಲಿ ಆತ ಬರೆದ ವರದಿ ವಸಾಹತಿನ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಮುಖ್ಯವಾದದ್ದು. 1817ರಲ್ಲಿ ಗವರ್ನರ್ ಮೆಕ್ವಾರಿ ಅವನಿಗೆ ಇಲ್ಲಿ 100 ಎಕರೆ ಕೊಟ್ಟ. ದಂಗೆಕೋರನ ಹೆಸರು ಹೊತ್ತ ಊರು ಮುಂದೆ ಏನೇನು ಕಂಡಿತು ಎಂಬುದನ್ನು ನೋಡಿದರೆ ಹೆಸರು ಸುಮ್ಮನೆ ಬಂದದ್ದಲ್ಲ ಅನ್ನಿಸುತ್ತದೆ.

ರೈಲು ಬಂದದ್ದು 1855ರ ಸೆಪ್ಟೆಂಬರ್ 26ರಂದು, ಸಿಡ್ನಿಯಿಂದ ಪ್ಯಾರಾಮ್ಯಾಟಾಗೆ. ಊರೊಳಗೆ ನುಗ್ಗಲು ಜಾಗವಿಲ್ಲದೆ ಕ್ಲೀವ್‌ಲ್ಯಾಂಡ್ ಪ್ಯಾಡಕ್ಸ್ ಎಂಬ ಬಯಲಲ್ಲೇ ಮೊದಲ ನಿಲ್ದಾಣ ಕಟ್ಟಿದರು. ಕಾಗದದ ಮೇಲೆ ಅದು ಸಿಡ್ನಿ ನಿಲ್ದಾಣ, ಜನರ ಬಾಯಲ್ಲಿ ರೆಡ್‌ಫರ್ನ್. 1906ರಲ್ಲಿ ಈಗಿನ ಸೆಂಟ್ರಲ್ ತೆರೆದಾಗ ಆ ಹೆಸರು ಖಾಲಿಯಾಯಿತು. ಪಕ್ಕದಲ್ಲಿ ಈವ್ಲಿ ಎಂದು ಕರೆಸಿಕೊಳ್ಳುತ್ತಿದ್ದ ಸಣ್ಣ ನಿಲ್ದಾಣಕ್ಕೆ ರೆಡ್‌ಫರ್ನ್ ಎಂದು ಬೋರ್ಡು ಹಾಕಿದರು.

ಈವ್ಲಿ ಕಾರ್ಖಾನೆ ಕೆಲಸ ಆರಂಭಿಸಿದ್ದು 1887ರಲ್ಲಿ, ಎಂಜಿನಿಯರ್ ಜಾರ್ಜ್ ಕೌಡರಿಯ ಉಸ್ತುವಾರಿಯಲ್ಲಿ ಕಟ್ಟಡಗಳು ಎದ್ದ ನಂತರ. ನಮ್ಮ ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್ ಕೂಡ ಹೆಚ್ಚುಕಡಿಮೆ ಅದೇ ದಶಕದ್ದು. ವರ್ಕ್‌ಶಾಪಿನ ಸುತ್ತ ಕ್ವಾರ್ಟರ್ಸ್, ಸಂಘ, ಆಟದ ಮೈದಾನ, ಕೈಗಡದ ಅಂಗಡಿ ಹೇಗೆ ಬೆಳೆಯುತ್ತವೆ ಎಂಬುದನ್ನು ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ರೆಡ್‌ಫರ್ನ್‌ನಲ್ಲೂ ಆದದ್ದು ಅದೇ. ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು ಎದ್ದವು. ಫಿಟ್ಟರು, ಕಮ್ಮಾರ, ಬಾಯ್ಲರ್ ಮಾಡುವವನು ನಡೆದೇ ಕೆಲಸಕ್ಕೆ ಹೋದರು. ಲೆಬನಾನಿನಿಂದ ಬಂದ ವ್ಯಾಪಾರಿಗಳು ಇಲ್ಲೇ ಗೋದಾಮು ಮಾಡಿಕೊಂಡು, ಹಳ್ಳಿ ಸುತ್ತಿ ಬಟ್ಟೆ ಮಾರುವ ತಮ್ಮವರಿಗೆ ಸರಕು ಒದಗಿಸಿದರು. 1908ರ ಜನವರಿಯಲ್ಲಿ ರೆಡ್‌ಫರ್ನ್ ಪುರಭವನದಲ್ಲಿ ಸೌತ್ ಸಿಡ್ನಿ ರಗ್ಬಿ ಲೀಗ್ ಕ್ಲಬ್ ಹುಟ್ಟಿತು. ಕಾರ್ಮಿಕರ ಆ ತಂಡದ ಅಭಿಮಾನಿಗಳು ಇವತ್ತಿಗೂ ಕೆಂಪು-ಹಸಿರು ಬಿಟ್ಟು ಬೇರೆ ಬಣ್ಣ ನೋಡುವುದಿಲ್ಲ.

ಕಾರ್ಖಾನೆಯ ಚರಿತ್ರೆಯಲ್ಲಿ 1917ರ ಆಗಸ್ಟ್ 2 ಎದ್ದು ಕಾಣುವ ದಿನ. ಪ್ರತಿ ಕೆಲಸ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು ಎಂದು ಕಾರ್ಡಿನ ಮೇಲೆ ಬರೆದಿಡುವ ಪದ್ಧತಿಯನ್ನು ರೈಲ್ವೆ ಆಡಳಿತ ಜಾರಿಗೆ ತಂದಿತ್ತು. ಅಮೆರಿಕದ ಟೇಲರ್‌ನ ‘ವೈಜ್ಞಾನಿಕ ನಿರ್ವಹಣೆ’ಯ ಛಾಯೆ ಅದರ ಮೇಲಿತ್ತು. ಕೆಲಸಗಾರನ ಕೈಚಳಕವನ್ನು ಗಡಿಯಾರ ಅಳೆಯುವುದು ಯಾರಿಗೂ ಸಹ್ಯವಾಗಲಿಲ್ಲ. ಈವ್ಲಿ ಮತ್ತು ರ‍್ಯಾಂಡ್‌ವಿಕ್ ಟ್ರಾಮ್ ಕಾರ್ಖಾನೆಯ ಸಾವಿರಾರು ಜನ ಉಪಕರಣ ಕೆಳಗಿಟ್ಟು ಹೊರನಡೆದರು. ಮುಷ್ಕರದ ಕಿಚ್ಚು ಗಣಿಗಳಿಗೆ, ಬಂದರುಗಳಿಗೆ ಹಬ್ಬಿ, ಸುಮಾರು ಒಂದು ಲಕ್ಷ ಜನ ಕೆಲಸ ನಿಲ್ಲಿಸಿದರು. ಮುಷ್ಕರ ಸೋತಿತು. ಕಾರ್ಡು ಉಳಿಯಿತು. ಮರಳಿ ಬಂದವರಲ್ಲಿ ಅನೇಕರು ಸೇವಾ ಹಿರಿತನ ಕಳೆದುಕೊಂಡರು, ಕೆಲವರನ್ನು ಸೇರಿಸಿಕೊಳ್ಳಲೇ ಇಲ್ಲ.

ಸೋತವರು ಮುಂದೆ ಏನಾದರು ಎಂಬುದೇ ಸ್ವಾರಸ್ಯ. ಬ್ಯಾಥರ್ಸ್ಟ್‌ನ ಇಂಜಿನ್ ಚಾಲಕ ಬೆನ್ ಚಿಫ್ಲಿ ಈ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು, ಕೆಳದರ್ಜೆಗೆ ಇಳಿಸಲ್ಪಟ್ಟು ಮರಳಿದವರು. 1945ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯಾದರು. ರೆಡ್‌ಫರ್ನ್‌ನಲ್ಲೇ ಹುಟ್ಟಿ ಈವ್ಲಿಯಲ್ಲಿ ಫಿಟ್ಟರ್ ಆಗಿದ್ದ ಜೋಸೆಫ್ ಕೇಹಿಲ್ ಕೂಡ ಆಗ ಕೆಲಸ ಕಳೆದುಕೊಂಡರು. 1952ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ ಆದರು. ಸಿಡ್ನಿಗೆ ಒಪೆರಾ ಹೌಸ್ ಬೇಕೆಂದು ಪಟ್ಟುಹಿಡಿದು ಕೆಲಸ ಶುರುಮಾಡಿಸಿದವರು ಅವರೇ. ಲೋಕವೆಲ್ಲ ಫೋಟೊ ತೆಗೆಯುವ ಆ ಕಟ್ಟಡದ ಹಿಂದೆ ಉಗಿ ಇಂಜಿನ್ ಜೋಡಿಸುತ್ತಿದ್ದ ಒಬ್ಬ ಫಿಟ್ಟರ್ ಇದ್ದಾರೆ ಎಂಬುದನ್ನು ಪ್ರವಾಸಿ ಕೈಪಿಡಿಗಳು ಹೇಳುವುದು ಅಪರೂಪ. ಕಾರ್ಮಿಕರ ನಡುವಿನಿಂದ ಬಂದ ಇನ್ನೊಬ್ಬರು ವಿಲಿಯಂ ಮೆಕೆಲ್, ಬಾಯ್ಲರ್ ಕಸಬಿನವರು. ಅದೇ 1917ರಲ್ಲಿ ರೆಡ್‌ಫರ್ನ್‌ನಿಂದ ಶಾಸಕರಾದರು.

1943ರ ಜನವರಿಯಲ್ಲಿ 3801 ಮೊದಲ ಬಾರಿಗೆ ಸೇವೆಗೆ ಬಂದಾಗ ರಾಜ್ಯದ ಪ್ರೀಮಿಯರ್ ಆಗಿದ್ದವರು ಈ ಬಾಯ್ಲರ್ ಕಸಬಿನ ಮೆಕೆಲ್. ಯುದ್ಧದ ಕಾಲ. ಹಸಿರು ಬಣ್ಣದ ಬದಲು ಇಂಜಿನ್‌ಗೆ ಬೂದು ಬಣ್ಣ ಬಳಿದಿದ್ದರು. ಇಂಜಿನ್ ಮತ್ತು ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಹಿಂಬಂಡಿ) ಸೇರಿ 200 ಟನ್ ದಾಟುವ ತೂಕ, ಆಳೆತ್ತರದ ಚಾಲಕ ಗಾಲಿಗಳು, ಗಾಳಿಯನ್ನು ಸೀಳಲು ಗುಂಡು ಮೂಗು. 38ನೇ ಶ್ರೇಣಿಯ ಒಟ್ಟು 30 ಇಂಜಿನ್‌ಗಳಲ್ಲಿ ಮೊದಲ ಐದನ್ನು ಕ್ಲೈಡ್ ಎಂಜಿನಿಯರಿಂಗ್ ಕಂಪನಿ ಕಟ್ಟಿತು. ಉಳಿದ 25 ಇಂಜಿನ್‌ಗಳನ್ನು ಈವ್ಲಿ ಮತ್ತು ನ್ಯೂಕ್ಯಾಸಲ್ ಬಳಿಯ ಕಾರ್ಡಿಫ್ ಕಾರ್ಖಾನೆಗಳು ಹಂಚಿಕೊಂಡವು. ಸರಿಯಾಗಿ ಹೇಳಬೇಕೆಂದರೆ 3801 ಈವ್ಲಿಯಲ್ಲಿ ಹುಟ್ಟಿದ್ದಲ್ಲ, ಹುಟ್ಟಿದ್ದು ಅದರ ತಮ್ಮಂದಿರು.

ಉಗಿಯ ಕಾಲ ಮುಗಿಯುತ್ತ ಬಂದಾಗಲೇ ಪ್ರವಾಸದ ಕಾಲ ಶುರುವಾಯಿತು. ಡೀಸೆಲ್ ಇಂಜಿನ್‌ಗಳು ಬಂದು ಗುಜರಿಗೆ ಹೋಗುವ ಇಂಜಿನ್‌ಗಳ ಸಾಲು ಬೆಳೆದಂತೆ, 1962ರಲ್ಲಿ ಹವ್ಯಾಸಿಗಳು ನ್ಯೂ ಸೌತ್ ವೇಲ್ಸ್ ರೈಲು ಸಾರಿಗೆ ವಸ್ತುಸಂಗ್ರಹಾಲಯ ಕಟ್ಟಿದರು. 1964ರ ಜೂನ್ 28ರಂದು 3801 ಸಿಡ್ನಿಯಿಂದ ನ್ಯೂಕ್ಯಾಸಲ್‌ಗೆ 2 ಗಂಟೆ 1 ನಿಮಿಷ 51 ಸೆಕೆಂಡುಗಳಲ್ಲಿ ಓಡಿತು. 1970ರಲ್ಲಿ ಪಶ್ಚಿಮದ ಹಳಿಗಳು ಒಂದೇ ಅಳತೆಗೆ ಬಂದ ಮೇಲೆ ಖಂಡದ ಇನ್ನೊಂದು ತುದಿಯ ಪರ್ತ್‌ವರೆಗೂ ಹೋಗಿಬಂತು. ರಾಜ್ಯದ ಮಾಮೂಲಿ ಉಗಿ ಸೇವೆ 1973ರಲ್ಲಿ ನಿಂತಿತು. 1980ರ ದಶಕದ ನಡುವೆ ಹಂಟರ್ ಕಣಿವೆಯ ತರಬೇತಿ ಸಂಸ್ಥೆಯ ಹುಡುಗರು ಕಲಿಯುತ್ತ ಕಲಿಯುತ್ತಲೇ 3801ನ್ನು ಬಿಚ್ಚಿ ಮತ್ತೆ ಜೋಡಿಸಿದರು. ಅದನ್ನು ಓಡಿಸಲೆಂದೇ 3801 ಲಿಮಿಟೆಡ್ ಎಂಬ ಸಂಸ್ಥೆ ಹುಟ್ಟಿತು. ಇಂಗ್ಲೆಂಡಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್ 1988ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದಾಗ ಅದಕ್ಕೆ ಜೊತೆಗಾರನಾಗಿ ಓಡಿದ್ದೂ ಈ ಇಂಜಿನ್ನೇ.

3801 ಲಿಮಿಟೆಡ್ ತಳವೂರಿದ್ದು ಈವ್ಲಿಯ ದೊಡ್ಡ ಜೋಡಣಾ ಶೆಡ್ಡಿನಲ್ಲಿ. 1899ರಲ್ಲಿ ಕಟ್ಟಿದ ಆ ಶೆಡ್ಡಿನಲ್ಲಿ ಇಂಜಿನ್‌ಗಳನ್ನು ಕ್ರೇನಿಂದ ಎತ್ತಿ ಬಿಚ್ಚುತ್ತಿದ್ದರು. ಕಾರ್ಖಾನೆ 1989ರಲ್ಲಿ ಮುಚ್ಚಿತು, ಉಳಿದ ಶೆಡ್‌ಗಳು ಮೌನವಾದವು. ಈ ಒಂದು ಚಾವಣಿಯ ಕೆಳಗೆ ಮಾತ್ರ ಗ್ರೀಸು, ಕಲ್ಲಿದ್ದಲು, ಸುತ್ತಿಗೆಯ ಸದ್ದು ಇನ್ನೂ ಉಳಿದಿತ್ತು. ಉಗಿ ಇಂಜಿನ್ನಿಗೆ ಬಟನ್ ಒತ್ತಿದರೆ ಸಾಲದು. ಬೆಳಿಗ್ಗೆ ಹೊರಡಬೇಕಾದರೆ ಹಿಂದಿನ ದಿನವೇ ಬೆಂಕಿ ಹಾಕಿ ನಿಧಾನಕ್ಕೆ ಕಾಯಿಸಬೇಕು, ಬೂದಿ ತೆಗೆಯಬೇಕು, ಕೀಲುಕೀಲಿಗೂ ಎಣ್ಣೆ ಬಿಡಬೇಕು. ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಪ್ರವಾಸದ ಟಿಕೆಟ್ ಹಣದಿಂದ ಉಳಿದದ್ದು ಇಂಜಿನ್ ಮಾತ್ರವಲ್ಲ, ಈ ಕೈಕೆಲಸವೂ ಹೌದು. ಬರೀ ಹಳೇ ಕಾಲದ ಗೀಳು ಎಂದು ಉಗಿಬಂಡಿ ಪ್ರವಾಸಗಳನ್ನು ತಳ್ಳಿಹಾಕುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆಂದು ಪ್ರವಾಸಗಳು ಬರೀ ಸಂಭ್ರಮವೂ ಅಲ್ಲ. 1990ರ ಮೇ 6ರ ಸಂಜೆ 3801 ಎಳೆಯುತ್ತಿದ್ದ ಪ್ರವಾಸಿ ರೈಲು ಹಾಕ್ಸ್‌ಬರಿ ನದಿ ದಾಟಿ ಕೌವನ್ ಏರು ಹತ್ತುತ್ತಿತ್ತು. 40 ಅಡಿಗೆ ಒಂದಡಿ ಏರುವ ಕಡಿದಾದ ದಾರಿ. ಗಾಲಿಗಳು ಜಾರತೊಡಗಿದಾಗ ಹಿಡಿತಕ್ಕೆಂದು ಹಳಿಯ ಮೇಲೆ ಮರಳು ಬಿಟ್ಟರು, ಅದು ಎಲ್ಲ ಉಗಿ ಚಾಲಕರ ಹಳೆಯ ಉಪಾಯ. ಆದರೂ ರೈಲು ನಿಂತುಹೋಯಿತು. ಹಳಿಯಲ್ಲಿ ಹರಿಯುವ ಸಣ್ಣ ವಿದ್ಯುತ್ತು ಗಾಲಿ, ಅಚ್ಚುಗಳ ಮೂಲಕ ಎದುರು ಹಳಿಗೆ ಹಾದರೆ ತಾನೇ ಸಿಗ್ನಲ್ಲಿಗೆ ‘ಇಲ್ಲೊಂದು ರೈಲಿದೆ’ ಎಂದು ತಿಳಿಯುವುದು? ಮರಳು ಆ ದಾರಿಯನ್ನು ತಡೆದಿತ್ತು. ಹಿಂದಿನ ಸಿಗ್ನಲ್ ಹೋಗಬಹುದೆಂದು ತೋರಿತು. ಹಿಂದೆ ಬಂದ ಇಂಟರ್‌ಸಿಟಿ ವಿದ್ಯುತ್ ರೈಲು ಗುದ್ದಿ 6 ಜನ ಸತ್ತರು. ಹತ್ತೊಂಬತ್ತನೇ ಶತಮಾನದ ಉಪಾಯ ಮತ್ತು ಇಪ್ಪತ್ತನೇ ಶತಮಾನದ ಸಿಗ್ನಲ್ ಒಂದೇ ಹಳಿಯ ಮೇಲೆ ಎದುರಾದ ಅಪಘಾತವಿದು. ಪಾರಂಪರಿಕ ರೈಲುಗಳ ಸುರಕ್ಷತೆಯ ಚರ್ಚೆ ಆ ದೇಶದಲ್ಲಿ ಇಂದಿಗೂ ಕೌವನ್ ಹೆಸರಿಲ್ಲದೆ ನಡೆಯುವುದಿಲ್ಲ.

ಈ ಹೊತ್ತಿಗೆ ಇತ್ತ ರೆಡ್‌ಫರ್ನ್‌ನಲ್ಲಿ, ಹಳಿಯ ಆಚೆ ಬದಿ ಇನ್ನೊಂದು ಚರಿತ್ರೆ ನಡೆದಿತ್ತು. ಕಾರ್ಖಾನೆಯ ಕೆಲಸ ಅರಸಿ ರಾಜ್ಯದ ಮೂಲೆಮೂಲೆಗಳಿಂದ ಮೂಲನಿವಾಸಿ ಕುಟುಂಬಗಳು ರೆಡ್‌ಫರ್ನ್‌ಗೆ ಬಂದಿದ್ದವು. ಸಿಡ್ನಿಯಲ್ಲಿ ಅವರಿಗೆ ಹೆಚ್ಚು ಕೆಲಸ ಕೊಟ್ಟ ಜಾಗಗಳಲ್ಲಿ ಈವ್ಲಿ ಒಂದು. ಕೆಲಸ ಸಿಕ್ಕರೂ ಬಾಡಿಗೆ ಮನೆ ಸಿಗುವುದು ಕಷ್ಟ, ಪೊಲೀಸರ ಕಾಟ ಬೇರೆ. ಆ ಕಷ್ಟದಿಂದಲೇ 1970ರಲ್ಲಿ ಮೂಲನಿವಾಸಿಗಳ ಕಾನೂನು ನೆರವು ಕೇಂದ್ರ, 1971ರಲ್ಲಿ ವೈದ್ಯಕೀಯ ಕೇಂದ್ರ, ಮರುವರ್ಷ ಬ್ಲ್ಯಾಕ್ ಥಿಯೇಟರ್ ಎದ್ದವು. ಆ ಬಗೆಯ ಕಾನೂನು ಮತ್ತು ವೈದ್ಯಕೀಯ ಕೇಂದ್ರಗಳು ಇಡೀ ದೇಶದಲ್ಲೇ ಮೊದಲನೆಯವು. 1973ರಲ್ಲಿ ಪ್ರಧಾನಿ ವಿಟ್ಲಮ್ ಅವರ ಸರ್ಕಾರದ ಅನುದಾನದಿಂದ ಮೂಲನಿವಾಸಿಗಳ ವಸತಿ ಸಂಸ್ಥೆ ಈವ್ಲಿ ಬೀದಿಯ ಸಾಲುಮನೆಗಳನ್ನು ಕೊಳ್ಳತೊಡಗಿತು. ‘ದಿ ಬ್ಲಾಕ್’ ಎಂದು ಹೆಸರಾದದ್ದು ಅದೇ. ನಿಲ್ದಾಣದ ಬಾಗಿಲಿಂದ ಕೆಲವೇ ಹೆಜ್ಜೆ. 1992ರ ಡಿಸೆಂಬರ್ 10ರಂದು ರೆಡ್‌ಫರ್ನ್ ಪಾರ್ಕಿನಲ್ಲಿ ಪ್ರಧಾನಿ ಪಾಲ್ ಕೀಟಿಂಗ್ ಮೂಲನಿವಾಸಿಗಳಿಗೆ ಬಿಳಿಯರಿಂದ ಆದ ಅನ್ಯಾಯವನ್ನು ಬಾಯಿಬಿಟ್ಟು ಒಪ್ಪಿಕೊಂಡರು.

ಕಾರ್ಖಾನೆ ಮುಚ್ಚಿದ್ದು ಈ ಜನರಿಗೂ ಬಿದ್ದ ಪೆಟ್ಟು. ಕೆಲಸ ಹೋಯಿತು, ಬಡತನ ಮತ್ತು ಮಾದಕವಸ್ತು ಉಳಿದವು. ಬ್ಲಾಕ್‌ನ ಮನೆಗಳನ್ನು ಒಂದೊಂದಾಗಿ ಕೆಡವಿದರು, ಈಗ ಅಲ್ಲಿ ಹೊಸ ವಸತಿ ಸಮುಚ್ಚಯವೂ ವಿದ್ಯಾರ್ಥಿಗಳ ಗೋಪುರವೂ ಇವೆ.

ಇಟ್ಟಿಗೆ ಶೆಡ್‌ಗಳ ಗತಿ ಬೇರೆ. ಹಳಿಯ ಒಂದು ಬದಿಯ ಬೋಗಿ ಶೆಡ್‌ಗಳು 2007ರಲ್ಲಿ ಕ್ಯಾರೇಜ್‌ವರ್ಕ್ಸ್ ಎಂಬ ಕಲಾಕೇಂದ್ರವಾದವು. ಶನಿವಾರ ಅಲ್ಲಿ ರೈತರ ಸಂತೆ. ಇನ್ನೊಂದು ಬದಿಯ ಲೋಕೋಮೋಟಿವ್ ಶೆಡ್‌ಗಳು ಮೊದಲು ತಂತ್ರಜ್ಞಾನ ಪಾರ್ಕ್ ಆಗಿ, 2015ರಲ್ಲಿ ಮರ್ವಾಕ್ ಕಂಪನಿ ನೇತೃತ್ವದ ಕೂಟಕ್ಕೆ ಮಾರಾಟವಾದವು. ಇಂದು ಕಾಮನ್‌ವೆಲ್ತ್ ಬ್ಯಾಂಕಿನ ಸಾವಿರಾರು ನೌಕರರು ಅಲ್ಲಿದ್ದಾರೆ. ಕಮ್ಮಾರರ ಅಂಕಣದಲ್ಲಿ ದೈತ್ಯ ಡೇವಿ ಪ್ರೆಸ್ ಇನ್ನೂ ನಿಂತಿದೆ. ಚೆನ್ನಾಗಿ ಒರೆಸಿ, ಬೋರ್ಡು ಹಾಕಿ ಇಟ್ಟಿದ್ದಾರೆ. ಈವ್ಲಿಯ ಬಗ್ಗೆ ವರ್ಷಗಟ್ಟಲೆ ಸಂಶೋಧಿಸಿದ ಚರಿತ್ರಕಾರ್ತಿ ಲೂಸಿ ಟಾಕ್ಸಾ ಅವರ ಆಕ್ಷೇಪ ಇರುವುದು ಇಲ್ಲೇ: ಯಂತ್ರವೂ ಗೋಡೆಯೂ ಪರಂಪರೆ ಎನಿಸಿಕೊಳ್ಳುತ್ತವೆ, ಅಲ್ಲಿ ದುಡಿದವರ ಸಂಘಟನೆ, ಜಗಳ, ಹೋರಾಟ ಮರೆಯಾಗುತ್ತವೆ.

ಆ ಆಕ್ಷೇಪ ಉಗಿಬಂಡಿ ಪ್ರವಾಸಗಳಿಗೂ ಅನ್ವಯಿಸುತ್ತದೆ, ಬಹುಶಃ ಇನ್ನೂ ಹೆಚ್ಚಾಗಿ. ಪ್ರವಾಸಿಗೆ ಸಿಗುವುದು ಹೊಗೆ, ಸೀಟಿ, ಹಿತ್ತಾಳೆಯ ಹೊಳಪು. ಕಾರ್ಡು ಪದ್ಧತಿ ವಿರುದ್ಧ ಹೊರನಡೆದವರು, ಬೋಗಿ ಶೆಡ್ಡಿನ ಮೂಲನಿವಾಸಿ ಕೂಲಿಗಳು ಟಿಕೆಟ್ಟಿನ ಜೊತೆ ಬರುವುದಿಲ್ಲ. ಹೀಗಾಗಲೇಬೇಕೆಂದಿಲ್ಲ. ಪ್ರವಾಸಗಳನ್ನು ಈಗ ನಡೆಸುವ ಟ್ರಾನ್ಸ್‌ಪೋರ್ಟ್ ಹೆರಿಟೇಜ್ ಸಂಸ್ಥೆಯ ವಸ್ತುಸಂಗ್ರಹಾಲಯ ಇರುವುದು ಸಿಡ್ನಿಯಿಂದ ನೈರುತ್ಯಕ್ಕೆ ದೂರದ ಥರ್ಲ್‌ಮಿಯರ್ ಊರಲ್ಲಿ. ಅಲ್ಲಿ ಜಾಗವಿದೆ, ಸುರಕ್ಷತೆಯಿದೆ, ಆದರೆ ರೆಡ್‌ಫರ್ನ್ ಇಲ್ಲ. ಈವ್ಲಿಯ ಶೆಡ್ಡಿನಲ್ಲಿ ಇಂಜಿನ್, ಕಸಬು, ಬಡಾವಣೆ ಮೂರೂ ಒಟ್ಟಿಗಿದ್ದವು. ಹಾಗಾಗಿ ಆ ದೊಡ್ಡ ಜೋಡಣಾ ಶೆಡ್ಡನ್ನಾದರೂ ಕಚೇರಿಯೋ ಅಂಗಡಿಯೋ ಆಗದಂತೆ ಉಳಿಸಿ, ಇಂಜಿನ್ ಬಿಚ್ಚಿ ಜೋಡಿಸುವ ಕೆಲಸಕ್ಕೇ ಬಿಡುವುದು ಒಳ್ಳೆಯದು. ನಮ್ಮಲ್ಲೂ ಹುಬ್ಬಳ್ಳಿ, ಮೈಸೂರಿನ ವರ್ಕ್‌ಶಾಪುಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ಇದ್ದಾರೆ. ಹಳೆಯ ಇಂಜಿನ್‌ಗಳನ್ನು ಬಣ್ಣ ಬಳಿದು ನಿಲ್ದಾಣದ ಮುಂದೆ ಕಟ್ಟೆಯ ಮೇಲೆ ನಿಲ್ಲಿಸುವ ರೈಲ್ವೆ ಇಲಾಖೆ, ಆ ಹಿರಿಯರ ಮಾತನ್ನೂ ಈಗಲೇ ದಾಖಲಿಸಿಟ್ಟುಕೊಳ್ಳಬೇಕು.